ಹಲ್ಲಿಯಿಂದ ಅರ್ಕಾವೊತ್ತಿನವರೆಗೆ: ವಾಚನಾಲಯದ ಹಳೇ ಕಂಪ್ಯೂಟರ್ ರಿಪೇರಿ

ನಮ್ಮೂರ ವಾಚನಾಲಯದ ಮೂಲೆಯಲ್ಲಿ, ಹಳೇ ಪೇಪರ್ ಕಟ್ಟುಗಳ ಪಕ್ಕ, ನೀಲಿ ಪ್ಲಾಸ್ಟಿಕ್ ಹೊದ್ದುಕೊಂಡು ಒಂದು ಡೆಸ್ಕ್‌ಟಾಪ್ ಕೂತಿತ್ತು. ಆನ್ ಆಗದೆ ಐದು ಮಳೆಗಾಲ ಆಗಿತ್ತಂತೆ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಕಡೆ ಎಲೆಕ್ಟ್ರಾನಿಕ್ ಸಾಮಾನಿನ ಆಯಸ್ಸನ್ನು ಮಳೆಗಾಲದಲ್ಲೇ ಲೆಕ್ಕ ಹಾಕಬೇಕು. ಹಬ್ಬಕ್ಕೆ ಊರಿಗೆ ಹೋದಾಗ ವಾಚನಾಲಯ ನೋಡಿಕೊಳ್ಳುವ ಮೇಷ್ಟ್ರು ಹಿಡಿದು ಕೂರಿಸಿದರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು, ರಿಟೈರಾದ ಮೇಲೆ ಇದೇ ಅವರ ಮನೆ.

"ಡಬ್ಬ ಹೋದರೆ ಹೋಗಲಿ ಮಾರಾಯ. ಅದರೊಳಗೆ ಪುಸ್ತಕದ ಪಟ್ಟಿ ಇದೆ. ಎರಡು ವರ್ಷ ಸಂಜೆ ಸಂಜೆ ಕೂತು ಟೈಪ್ ಮಾಡಿದ್ದು. ಅದೊಂದು ತೆಗೆದುಕೊಡು."

"ಒಂದು ಭಾನುವಾರದ ಕೆಲಸ ಸಾರ್" ಅಂದೆ. ಏಳು ಭಾನುವಾರ ಹಿಡಿಯಿತು. ಅದರಲ್ಲಿ ಎರಡು ಮಾತ್ರ ಸ್ಕ್ರೂಡ್ರೈವರಿನವು.

ಮೊದಲು ಕ್ಯಾಬಿನೆಟ್ ಬಿಚ್ಚಿದೆ. ಒಳಗೆ ಇಂಟೆಲ್ ಜಿ31 ಚಿಪ್‌ಸೆಟ್ಟಿನ ಮದರ್‌ಬೋರ್ಡ್, ಕೋರ್ 2 ಡ್ಯುಯೋ ಪ್ರೊಸೆಸರ್, 1 ಜಿಬಿಯ ಒಂದೇ ಒಂದು ಡಿಡಿಆರ್2 ರ್‍ಯಾಮ್ ಕಡ್ಡಿ, 160 ಜಿಬಿ ಹಾರ್ಡ್‌ಡಿಸ್ಕ್. 2009ರ ಸುಮಾರಿಗೆ ಬೀದಿಗೊಂದರಂತೆ ಇದ್ದ ಜೋಡಣೆ. ಧೂಳು ಅಷ್ಟಿರಲಿಲ್ಲ, ಬೂಸ್ಟು ಇತ್ತು. ಕಂಪ್ಯೂಟರಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಅಲ್ಲಾಡಿಸಿದರೆ ಒಳಗೆ ಏನೋ ಗಲಗಲ ಅಂತು. ಬಿಚ್ಚಿದರೆ ಒಣಗಿ ಕಾಗದದಂತಾದ ಹಲ್ಲಿ, ಬಾಲ ಒಂದು ಹೀಟ್‌ಸಿಂಕಿಗೆ, ತಲೆ ಇನ್ನೊಂದಕ್ಕೆ ಅಂಟಿಕೊಂಡಿತ್ತು. ಸತ್ತ ಕಾರಣ ಕೇಳಲು ಪೋಸ್ಟ್‌ಮಾರ್ಟಂ ಬೇಕಿರಲಿಲ್ಲ. ಇಲ್ಲೊಂದು ಎಚ್ಚರಿಕೆ: ನಮ್ಮ 230 ವೋಲ್ಟ್ ಲೈನು ರೆಕ್ಟಿಫೈ ಆದಮೇಲೆ ಎಸ್‌ಎಂಪಿಎಸ್ಸಿನ ದೊಡ್ಡ ಕೆಪಾಸಿಟರುಗಳಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು. ಐದು ವರ್ಷ ಸತ್ತು ಬಿದ್ದದ್ದನ್ನು ಬಿಚ್ಚಲು ನನಗೆ ಧೈರ್ಯ ಬಂತು, ನಿನ್ನೆ ಸತ್ತದ್ದಾಗಿದ್ದರೆ ಮುಟ್ಟುತ್ತಿರಲಿಲ್ಲ. ಅದನ್ನು ರಿಪೇರಿ ಮಾಡುವ ಯೋಚನೆಯನ್ನೂ ಮಾಡಲಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬೇರೆ ತಂದು ಹಾಕಿದೆ.

ಹೊಸ ಎಸ್‌ಎಂಪಿಎಸ್ ಹಾಕಿದಾಗ ಫ್ಯಾನ್ ತಿರುಗಿತು, ಪರದೆ ಕಪ್ಪು. ಉದ್ದ ಬೀಪ್ ಮೇಲೆ ಬೀಪ್. ಇದಕ್ಕೆ ನಮ್ಮ ನಾಡಿನ ಸರ್ವಮಾನ್ಯ ಔಷಧ ಪೆನ್ಸಿಲ್ ರಬ್ಬರು: ರ್‍ಯಾಮ್ ಕಿತ್ತು, ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಉಜ್ಜಿ, ಪುಡಿ ಊದಿ, ವಾಪಸ್ ಕೂರಿಸುವುದು. ಬೀಪ್ ನಿಂತಿತು. ಪರದೆಯೂ ಬಂತು, ಎರಡು ನಿಮಿಷಕ್ಕೆ ರೀಸ್ಟಾರ್ಟ್ ಆಯಿತು. ಮತ್ತೆ ಎರಡು ನಿಮಿಷ, ಮತ್ತೆ ರೀಸ್ಟಾರ್ಟ್.

ಟಾರ್ಚ್ ಹಿಡಿದು ಓರೆಯಾಗಿ ನೋಡಿದಾಗ ಕಂಡಿತು. ರ್‍ಯಾಮ್ ಸ್ಲಾಟಿನ ಪಕ್ಕದ ಮೂರು ಕೆಪಾಸಿಟರುಗಳ ನೆತ್ತಿ ಉಬ್ಬಿತ್ತು, ಎಣ್ಣೆಗೆ ಬಿಟ್ಟ ಪೂರಿಯ ಹಾಗೆ. ಒಂದರ ನೆತ್ತಿಯ ಗೀರಿನಿಂದ ಕಂದು ರಸ ಒಸರಿ ಒಣಗಿತ್ತು. ಮೈಮೇಲೆ 1000 ಮೈಕ್ರೋಫ್ಯಾರಡ್, 6.3 ವೋಲ್ಟ್ ಅಂತ ಬರೆದಿತ್ತು. ಹೊಸದು ತರುವಾಗ ವೋಲ್ಟೇಜ್ ಸ್ವಲ್ಪ ಜಾಸ್ತಿಯಿದ್ದರೆ ಅಡ್ಡಿಯಿಲ್ಲ, ನಾನು 10 ವೋಲ್ಟಿನದು ತಂದೆ. ಆದರೆ 105 ಡಿಗ್ರಿ ಶಾಖ ತಡೆಯುವಂಥದ್ದು, ಒಳರೋಧ ಕಡಿಮೆ ಇರುವಂಥದ್ದು ಅಂತ ಕೇಳಿ ತರಬೇಕು. ರೇಡಿಯೋ ರಿಪೇರಿಯ ಮಾಮೂಲಿ ಕೆಪಾಸಿಟರ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಪೂರಿ. ದಪ್ಪವನ್ನೂ ಅಳೆದುಕೊಂಡು ಹೋಗಿ. ನಾನು ಅಳೆಯದೆ ಹೋಗಿ, ಮೊದಲ ಸಲ ತಂದದ್ದು ಪಕ್ಕದ ಕೆಪಾಸಿಟರಿಗೆ ತಾಗಿ ಕೂರಲೇ ಇಲ್ಲ.

ಹಳೆಯದನ್ನು ಕೀಳುವುದೇ ದೊಡ್ಡ ಕೆಲಸ. ನನ್ನ ಹತ್ತಿರ ಇದ್ದದ್ದು 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ. ಮದರ್‌ಬೋರ್ಡಿನ ಗ್ರೌಂಡ್ ಪದರ ತಾಮ್ರದ ತಟ್ಟೆಯಿದ್ದ ಹಾಗೆ, ಕೊಟ್ಟ ಬಿಸಿಯನ್ನೆಲ್ಲ ಹೀರಿಕೊಂಡು ಸುಮ್ಮನಿರುತ್ತದೆ. ಜೊತೆಗೆ ಆ ಕಾಲದ ಬೋರ್ಡುಗಳಲ್ಲಿ ಸೀಸವಿಲ್ಲದ ಬೆಸುಗೆ. ಅದು ಕರಗಲು 217 ಡಿಗ್ರಿ ದಾಟಬೇಕು, ನಮ್ಮ ಹಳೇ ಸೀಸ ತವರದ ಬೆಸುಗೆ 183ರ ಆಸುಪಾಸಿನಲ್ಲೇ ಕರಗುತ್ತದೆ. ಉಪಾಯ ಇಷ್ಟೇ: ಹಳೇ ಬೆಸುಗೆಯ ಮೇಲೆ ಸೀಸದ ಬೆಸುಗೆ ಧಾರಾಳವಾಗಿ ಸುರಿದು ಎರಡನ್ನೂ ಬೆರೆಸುವುದು. ಬೆರಕೆ ಬೇಗ ಕರಗುತ್ತದೆ. ಆಮೇಲೆ ಒಂದು ಕಾಲು ಬಿಸಿ ಮಾಡಿ ಕೆಪಾಸಿಟರನ್ನು ಆ ಕಡೆ ವಾಲಿಸುವುದು, ಇನ್ನೊಂದು ಕಾಲು ಬಿಸಿ ಮಾಡಿ ಈ ಕಡೆ ವಾಲಿಸುವುದು, ಸಡಿಲ ಹಲ್ಲು ಕಿತ್ತ ಹಾಗೆ. ಮೂರಕ್ಕೆ ಒಂದು ಮಧ್ಯಾಹ್ನ ಹೋಯಿತು. ಕೀಳುವ ಮೊದಲು ಫೋಟೋ ತೆಗೆದುಕೊಳ್ಳಿ. ನೆಗೆಟಿವ್ ಕಡೆ ಬೋರ್ಡಿನ ಮೇಲೆ ಬಿಳಿ ಬಳಿದಿರುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ, ಕೆಲವು ಬೋರ್ಡುಗಳಲ್ಲಿ ಅದು ಉಲ್ಟಾ ಇರುತ್ತದೆ.

ಪ್ರೊಸೆಸರಿನ ಥರ್ಮಲ್ ಪೇಸ್ಟು ಸುಣ್ಣದ ಚಕ್ಕೆಯಾಗಿತ್ತು, ಒರೆಸಿ ಹೊಸದು ಹಚ್ಚಿದೆ. ಆ ಕಾಲದ ಇಂಟೆಲ್ ಫ್ಯಾನಿನ ನಾಲ್ಕು ಒತ್ತುಪಿನ್ನುಗಳನ್ನು ಮಾಡಿದವರಿಗೆ ಒಂದು ದಿನ ತಾವೇ ಅದನ್ನು ಕೂರಿಸುವ ಕೆಲಸ ಬರಲಿ ಅಂತ ಹಾರೈಸಿದೆ. ರ್‍ಯಾಮ್ 4 ಜಿಬಿಗೆ ಏರಿಸಿದೆ, ಜಿ31ಕ್ಕೆ ಅದೇ ಗರಿಷ್ಠ. ಒಂದು ಸಣ್ಣ ಎಸ್‌ಎಸ್‌ಡಿ ಹಾಕಿದೆ.

ಹಳೇ ಹಾರ್ಡ್‌ಡಿಸ್ಕನ್ನು ಮಾತ್ರ ನೇರವಾಗಿ ಬೂಟ್ ಮಾಡಲಿಲ್ಲ. ತಿರುಗುವಾಗ ಕಟಕಟ ಸದ್ದು ಬರುತ್ತಿತ್ತು, ಅಂಥದ್ದನ್ನು ಎಷ್ಟು ಕಡಿಮೆ ತಿರುಗಿಸುತ್ತೇವೋ ಅಷ್ಟು ಪುಣ್ಯ. ನನ್ನ ಲ್ಯಾಪ್‌ಟಾಪಿಗೆ ಯುಎಸ್‌ಬಿಯಲ್ಲಿ ಸಿಕ್ಕಿಸಿ ಗ್ನೂ ಡಿಡಿರೆಸ್ಕ್ಯೂ ಅನ್ನುವ ತಂತ್ರಾಂಶ ಓಡಿಸಿದೆ. ಅದು ಮೊದಲ ಸುತ್ತಿನಲ್ಲಿ ಸುಲಭಕ್ಕೆ ಸಿಗುವ ಭಾಗವನ್ನೆಲ್ಲ ನಕಲು ಮಾಡಿ, ಕೆಟ್ಟ ಜಾಗಗಳನ್ನು ಒಂದು ನಕ್ಷೆ ಫೈಲಿನಲ್ಲಿ ಗುರುತು ಹಾಕಿಕೊಂಡು, ಆಮೇಲೆ ಅವಕ್ಕೆ ಮಾತ್ರ ವಾಪಸ್ ಬರುತ್ತದೆ. ನಡುವೆ ಎರಡು ಸಲ ಕರೆಂಟು ಹೋಯಿತು, ನಕ್ಷೆ ಇದ್ದದ್ದರಿಂದ ಬಿಟ್ಟಲ್ಲಿಂದಲೇ ಮುಂದುವರಿಯಿತು. ಬೆಳಗಿನ ಜಾವದ ಹೊತ್ತಿಗೆ ವಿಂಡೋಸ್ ಎಕ್ಸ್‌ಪಿಯ ಡೆಸ್ಕ್‌ಟಾಪ್ ಫೋಲ್ಡರು ಕಂಡಿತು. ಅದರಲ್ಲಿ ಒಂದೇ ಒಂದು ಎಕ್ಸೆಲ್ ಫೈಲು.

ಖುಷಿಯಲ್ಲಿ ತೆರೆದೆ. ಹಾಳೆಯ ತುಂಬ ಪೌಂಡ್ ಗುರುತು, ತಲೆಯ ಮೇಲೆ ಗೀಟಿರುವ ಎ ಅಕ್ಷರ, ಜರ್ಮನ್ನರ ಜೋಡಿ ಎಸ್ಸು. ನುಡಿಯಲ್ಲಿ ಟೈಪ್ ಮಾಡಿದ ಪಟ್ಟಿ.

ಗೊತ್ತಿಲ್ಲದವರಿಗೆ ಒಂದು ಮಾತು. 2000ದ ಆಸುಪಾಸಿನಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ನಮಗಿದ್ದದ್ದು ಬರಹ, ನುಡಿಯಂಥ ತಂತ್ರಾಂಶಗಳು. ಅವಿಲ್ಲದಿದ್ದರೆ ಮೇಷ್ಟ್ರ ಪಟ್ಟಿಯೇ ಇರುತ್ತಿರಲಿಲ್ಲ. ಆದರೆ ಆಗಿನ ಪದ್ಧತಿಯಲ್ಲಿ ಕಂಪ್ಯೂಟರಿಗೆ ಅದು ಕನ್ನಡ ಅಂತ ಗೊತ್ತೇ ಇರುವುದಿಲ್ಲ. ಇನ್ನೂರ ಚಿಲ್ಲರೆ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳ ಚಿತ್ರ ಕೂರಿಸಿರುತ್ತಾರೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು. 'ಕನ್ನಡ' ಅನ್ನುವ ಪದ ಫೈಲಿನೊಳಗೆ ಹೀಗಿರುತ್ತದೆ: ಪಿ, ಗೀಟಿನ ಎ, ಪೌಂಡ್, ಗೀಟಿನ ಎ, ಜೋಡಿ ಎಸ್, ಕ್ಯೂ, ಗೀಟಿನ ಎ. ಇಲ್ಲಿ ಪಿ ಅಂದರೆ ಕಕಾರದ ಮೈ, ಗೀಟಿನ ಎ ಅಂದರೆ ತಲೆಕಟ್ಟು, ಪೌಂಡ್ ಅಂದರೆ ನಕಾರದ ಮೈ, ಜೋಡಿ ಎಸ್ ಅಂದರೆ ನ ಒತ್ತು. ಬರೆಯುವುದಕ್ಕಿಂತ ಅಚ್ಚಿನ ಮೊಳೆ ಜೋಡಿಸುವ ಕೆಲಸಕ್ಕೆ ಹತ್ತಿರ.

ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಮನೆ ಕೊಡುವ ಈಗಿನ ಪದ್ಧತಿ ಯೂನಿಕೋಡ್. ಅದಕ್ಕೆ ಪರಿವರ್ತಿಸುವ ಮುಕ್ತ ಸಾಧನಗಳು ಇವೆ, ಚೆನ್ನಾಗಿಯೂ ಇವೆ. ಆದರೆ ಮೇಷ್ಟ್ರು ಒಂದೇ ಕಾಲಂನಲ್ಲಿ ಕನ್ನಡ ಇಂಗ್ಲಿಷ್ ಎರಡನ್ನೂ ಬೆರೆಸಿ ಬರೆದಿದ್ದರು. ಇಡೀ ಫೈಲನ್ನು ಪರಿವರ್ತಕಕ್ಕೆ ಕೊಟ್ಟರೆ ಇಂಗ್ಲಿಷ್ ಹೆಸರುಗಳೆಲ್ಲ ಉಚ್ಚರಿಸಲಾಗದ ಕನ್ನಡವಾಗಿ ಬಂದವು. ಹಾಗಾಗಿ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಒಂದು ಸ್ಕ್ರಿಪ್ಟ್ ಬರೆಯಲು ಕೂತೆ. ಹಳೇ ಎಕ್ಸೆಲ್ ಫೈಲಿನಲ್ಲಿ ಪ್ರತಿ ಕೋಶಕ್ಕೂ ಫಾಂಟಿನ ಹೆಸರು ಉಳಿದಿರುತ್ತದೆ. 'ನುಡಿ 01 ಇ' ಅಂತಿದ್ದರೆ ಪರಿವರ್ತಿಸು, ಇಲ್ಲದಿದ್ದರೆ ಮುಟ್ಟಬೇಡ. ಅಲ್ಲಿಗೆ ಅರ್ಧ ತಲೆನೋವು ಹೋಯಿತು.

ಉಳಿದರ್ಧ ಜಾಸ್ತಿ ಮಜಾ ಇತ್ತು. ಮೊದಲ ಸುತ್ತಿನಲ್ಲಿ 'ಮರ' ಅನ್ನುವುದು 'ವುರ' ಆಯಿತು, 'ಮನೆ' 'ವುನೆ' ಆಯಿತು. ಯಾಕೆಂದರೆ ನುಡಿಯಲ್ಲಿ ಮಕಾರಕ್ಕೆ ಪ್ರತ್ಯೇಕ ಮನೆಯಿಲ್ಲ. ವಕಾರದ ಮೈ, ತಲೆಕಟ್ಟು, ಅದರ ಬಲಕ್ಕೊಂದು ಕೊಂಬು ಸೇರಿಸಿದರೆ ಮ. ಕಾಗದದ ಮೇಲೆ ಬರೆದು ನೋಡಿ, ನಿಜವಾಗಿಯೂ ಮ ಹಾಗೇ ಇದೆ! ನಿಜವಾದ 'ವು'ಗೆ ಬೇರೆ ಕೊಂಬು ಇಟ್ಟಿದ್ದಾರೆ. ಹಾಗೆಯೇ ಯಕಾರದ ಮೊದಲ ತುಂಡು ಇಂಗ್ಲಿಷಿನ ದೊಡ್ಡ ಎ, ಅದೇ ಎ ಒಂಟಿಯಾಗಿ ಬಂದರೆ ಅನುಸ್ವಾರ. ಅಕ್ಷರ ಅಕ್ಷರವಾಗಿ ಬದಲಿಸುತ್ತ ಹೋದರೆ 'ಯ' ಇದ್ದಲ್ಲೆಲ್ಲ ಸೊನ್ನೆ ಬಿದ್ದು ಮುಂದೆ ಕಸ ಉಳಿಯುತ್ತದೆ. ಉದ್ದದ ಜೋಡಣೆಗಳನ್ನು ಮೊದಲು ಹುಡುಕಿ, ಚಿಕ್ಕವನ್ನು ಕೊನೆಗೆ ಹುಡುಕಬೇಕು. ಈ ಒಂದು ಸಾಲು ಹೊಳೆಯಲು ಒಂದು ಭಾನುವಾರ.

ಇನ್ನೊಂದು ಭಾನುವಾರ ಅರ್ಕಾವೊತ್ತಿಗೆ. ನಾವು ಕಣ್ಣಿಗೆ ಕಾಣುವ ಕ್ರಮದಲ್ಲಿ ಮೊದಲು 'ನಾ' ಬರೆದು, ಆಮೇಲೆ ಅರ್ಕಾವೊತ್ತು ಹಾಕುತ್ತೇವೆ. ನುಡಿಯ ಕಡತದಲ್ಲೂ ಅದೇ ಕ್ರಮ. ಯೂನಿಕೋಡಿನಲ್ಲಿ ಬಾಯಿ ಹೇಳುವ ಕ್ರಮ, ರ್ ಮೊದಲು, 'ನಾ' ಆಮೇಲೆ. ಇದ್ದ ಜಾಗದಲ್ಲೇ ಬದಲಿಸಿದರೆ 'ಕರ್ನಾಟಕ' ಹೋಗಿ 'ಕನಾರ್ಟಕ' ಆಗುತ್ತದೆ. 'ಧರ್ಮ' 'ಧಮರ್' ಆಗುತ್ತದೆ, 'ಸೂರ್ಯ' 'ಸೂಯರ್'. ಕನಾರ್ಟಕವನ್ನು ನೀವೂ ಎಲ್ಲೆಲ್ಲೋ ಓದಿರುತ್ತೀರಿ. ಟೈಪ್ ಮಾಡಿದವರಿಗೆ ಕನ್ನಡ ಬರುವುದಿಲ್ಲ ಅಂತ ನಾನು ಬೈದುಕೊಳ್ಳುತ್ತಿದ್ದೆ. ಪಾಪ, ಎಷ್ಟೋ ಕಡೆ ಅದು ನನ್ನಂಥವನ ಅರೆಬೆಂದ ಸ್ಕ್ರಿಪ್ಟಿನ ಕೆಲಸ ಇರಬೇಕು. ಅರ್ಕಾವೊತ್ತು ಕಂಡ ಕೂಡಲೇ ಹಿಂದಕ್ಕೆ ಹೋಗಿ, ಸ್ವರಚಿಹ್ನೆ ದಾಟಿ, ಒತ್ತಕ್ಷರ ಇದ್ದರೆ ಅದನ್ನೂ ದಾಟಿ, ಇಡೀ ಅಕ್ಷರಗುಚ್ಛದ ಮುಂದೆ ರ್ ತಂದು ಕೂರಿಸಬೇಕು. 'ಮರ್ತ್ಯ' ಸರಿಯಾಗಿ ಬಂದಾಗ ರಾತ್ರಿ ಹನ್ನೊಂದೂವರೆ. ಎಬ್ಬಿಸಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಡೆಸ್ಕ್‌ಟಾಪಿಗೆ ಡೆಬಿಯನ್ 12 ಅನ್ನುವ ಲಿನಕ್ಸ್ ಹಾಕಿದೆ. ಡೆಬಿಯನ್ ಆವೃತ್ತಿಗಳಿಗೆಲ್ಲ ಒಂದು ಕಾರ್ಟೂನ್ ಸಿನಿಮಾದ ಗೊಂಬೆಗಳ ಹೆಸರು, 2023ರ ಈ ಆವೃತ್ತಿಯ ಹೆಸರು 'ಬುಕ್‌ವರ್ಮ್'. ಪುಸ್ತಕದ ಹುಳುವನ್ನು ವಾಚನಾಲಯಕ್ಕೆ ನಾನೇ ಕೈಯಾರೆ ತಂದು ಬಿಟ್ಟ ಹಾಗಾಯಿತು. ಹುಳು ಮಾತ್ರ ಒಳಗೆ ಬರಲು ಒಪ್ಪಲಿಲ್ಲ. ಪ್ಯಾಕೇಜು ಇಳಿಸಲು ಹೋದರೆ ಸರ್ವರಿನ ಕಡತ 'ಇನ್ನೂ ಜಾರಿಗೆ ಬಂದಿಲ್ಲ' ಅಂತ ತಕರಾರು. ಬ್ರೌಸರಿನಲ್ಲಿ ಒಂದು ಸೈಟೂ ತೆರೆಯದು, ಎಲ್ಲಕ್ಕೂ ಸರ್ಟಿಫಿಕೇಟ್ ದೋಷ. ನೆಟ್‌ವರ್ಕ್ ಅಂತ ಒಂದು ಗಂಟೆ ಒದ್ದಾಡಿದ ಮೇಲೆ ಗಡಿಯಾರ ನೋಡಿದೆ. 2009ರ ಜನವರಿ 1. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬಿಲ್ಲೆ ಬ್ಯಾಟರಿ ಸತ್ತಿತ್ತು. 2009ರಲ್ಲಿ ನಿಂತು 2023ರ ಕಡತ ಕೇಳಿದರೆ ಅದು ನಾಳೆಯ ಪೇಪರು ಕೇಳಿದ ಹಾಗೆ. ಊರಿನ ವಾಚ್ ಅಂಗಡಿಯಲ್ಲೇ ಬ್ಯಾಟರಿ ಸಿಕ್ಕಿತು. ನೀವು ಹಳೇ ಯಂತ್ರ ಎಬ್ಬಿಸುವುದಾದರೆ ಎಲ್ಲಕ್ಕಿಂತ ಮೊದಲು ಇದನ್ನು ಹಾಕಿ.

ಕೋಹಾ ಹಾಕಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ನ್ಯೂಜಿಲೆಂಡಿನ ಒಂದು ಪುಟ್ಟ ಪ್ರಾಂತ್ಯದ ಗ್ರಂಥಾಲಯಕ್ಕಾಗಿ 1999ರಲ್ಲಿ ಶುರುವಾದ ಮುಕ್ತ ತಂತ್ರಾಂಶ ಅದು, ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ. ದೊಡ್ಡ ಗ್ರಂಥಾಲಯಕ್ಕಾದರೆ ಕಣ್ಣುಮುಚ್ಚಿ ಅದನ್ನೇ ಹಾಕಿ ಅನ್ನುತ್ತೇನೆ. ಇಲ್ಲಿ 4 ಜಿಬಿಯ ಮುದಿ ಯಂತ್ರ, ಎರಡು ಸಾವಿರ ಚಿಲ್ಲರೆ ಪುಸ್ತಕ, ಕೆಟ್ಟರೆ ನೋಡಲು ತಿಂಗಳಿಗೊಮ್ಮೆ ಬರುವ ನಾನು. ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್ ಸಾಕು ಅನ್ನಿಸಿತು. ಒಂದೇ ಫೈಲು, ಪೆನ್‌ಡ್ರೈವಿಗೆ ನಕಲು ಹೊಡೆದರೆ ಬ್ಯಾಕಪ್ ಆಯಿತು.

ವರ್ಗೀಕರಣದ ಸಂಖ್ಯೆಗಳನ್ನು ಪಟ್ಟಿಯಲ್ಲಿ ಇದ್ದ ಹಾಗೇ ಬಿಟ್ಟೆ. ಪುಸ್ತಕಗಳ ಬೆನ್ನ ಮೇಲೆ ಡ್ಯೂಯಿ ಸಂಖ್ಯೆ ಅಂಟಿಸಿದ್ದಾರೆ. 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಹಾಕಿಕೊಟ್ಟ ಆ ಪದ್ಧತಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ದುಂಡನೆಯ ಸಂಖ್ಯೆ, ಕನ್ನಡ ಸಾಹಿತ್ಯಕ್ಕೆ 894.814. ನಮ್ಮ ವಾಚನಾಲಯದಲ್ಲಿ ಮುಕ್ಕಾಲು ಪಾಲು ಬೆನ್ನುಗಳ ಮೇಲೆ ಅದೇ ಆರು ಅಂಕಿ. ಮೇಷ್ಟ್ರು ಅದನ್ನು ನೋಡುವುದೇ ಇಲ್ಲ, ಬಣ್ಣ ನೋಡಿ ಪುಸ್ತಕ ತೆಗೆಯುತ್ತಾರೆ. ಓದುಗನ ಸಮಯ ಉಳಿಸು ಅನ್ನುವುದು ಗ್ರಂಥಾಲಯ ವಿಜ್ಞಾನದ ಎಸ್. ಆರ್. ರಂಗನಾಥನ್ 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ನಾಲ್ಕನೆಯದು. ಬಣ್ಣದ ನೆನಪೂ ಆ ಸೂತ್ರಕ್ಕೆ ಸೇರುತ್ತದೆ ಅಂತ ನನ್ನ ವಾದ.

ಪಟ್ಟಿ ಒಳಗೆ ಹೋಯಿತು, ಹುಡುಕುವ ಪೆಟ್ಟಿಗೆ ಬಂತು. ಮೇಷ್ಟ್ರು 'ಕಲೆ' ಅಂತ ಹೊಡೆದರು. ಕಲೆಯ ಪುಸ್ತಕಗಳ ಜೊತೆ ಕಲ್ಲಿನ ಪುಸ್ತಕ ಬಂತು, ಕಲಿಯುವ ಪುಸ್ತಕ ಬಂತು. "ಎಲ್ಲ ಕಲಸಿಹೋಗಿದೆಯಲ್ಲೋ" ಅಂದರು. ಎಸ್‌ಕ್ಯೂಲೈಟಿನ ಪಠ್ಯಶೋಧಕ ಎಫ್‌ಟಿಎಸ್5 ಪದಗಳನ್ನು ಒಡೆಯುವಾಗ ಅಕ್ಷರ ಮತ್ತು ಅಂಕಿಗಳನ್ನು ಮಾತ್ರ ಪದದ ಭಾಗ ಅಂತ ಎಣಿಸುತ್ತದೆ. ನಮ್ಮ ಗುಣಿತ, ಕೊಂಬು, ಏತ್ವ, ಅರ್ಧಾಕ್ಷರದ ಚಿಹ್ನೆ ಎಲ್ಲ ಯೂನಿಕೋಡಿನ ಲೆಕ್ಕದಲ್ಲಿ 'ಗುರುತು'ಗಳು, ಅಕ್ಷರಗಳಲ್ಲ. ಹಾಗಾಗಿ ಅವು ಬಂದಲ್ಲೆಲ್ಲ ಅದು ಪದವನ್ನು ಕತ್ತರಿಸುತ್ತದೆ. 'ಕನ್ನಡ' ಒಡೆದು 'ಕನ', 'ನಡ' ಅಂತ ಎರಡು ತುಂಡು. 'ಕಲೆ', 'ಕಲಿ' ಎರಡೂ 'ಕಲ'. 'ಕಲ್ಲು' ಕೂಡ 'ಕಲ', ಜೊತೆಗೊಂದು ಅನಾಥ 'ಲ'. ಪದ ಒಡೆಯುವ ಟೋಕನೈಸರಿನ ಆಯ್ಕೆಯಲ್ಲಿ ಗುರುತುಗಳ ಎರಡು ವರ್ಗಗಳನ್ನೂ ಸೇರಿಸು ಅಂತ ಒಂದು ಸಾಲು ಬರೆದು, ಸೂಚಿಯನ್ನು ಮತ್ತೆ ಕಟ್ಟಿದೆ. ಕಲೆ ಕಲೆಯಾಯಿತು.

ಕಣ್ಣಿಗೆ ಕಾಣದ ಇನ್ನೊಂದು ಕಳ್ಳ ಇದ್ದ. 'ಇಂಟರ್‌ನೆಟ್' ಅಂತ ಬರೆಯುವಾಗ ಟಕಾರದ ಮುಂದಿನ ರ್ ಅರ್ಕಾವೊತ್ತಾಗಿ ನಕಾರದ ಮೇಲೆ ಹಾರದಿರಲಿ ಅಂತ ನಡುವೆ ಅಗಲವಿಲ್ಲದ ಒಂದು ತಡೆ ಹಾಕುತ್ತೇವೆ. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ, ಹುಡುಕಿದರೆ ಒಂದಕ್ಕೊಂದು ಸಿಗುವುದಿಲ್ಲ. ಸೂಚಿಯಲ್ಲೂ ಪ್ರಶ್ನೆಯಲ್ಲೂ ಆ ತಡೆಯನ್ನು ಕಿತ್ತೇ ಹೋಲಿಸುವ ಹಾಗೆ ಮಾಡಿದೆ.

ಅಕಾರಾದಿ ಪಟ್ಟಿ ನೋಡಿ ಮೇಷ್ಟ್ರು ತೆಗೆದ ತಪ್ಪು ನನ್ನ ಕಣ್ಣಿಗೆ ಜನ್ಮದಲ್ಲಿ ಬೀಳುತ್ತಿರಲಿಲ್ಲ. "ಬಳ್ಳಿ ಮೊದಲು ಬಂದು ಬಸವ ಆಮೇಲೆ ಬಂದಿದ್ದಾನಲ್ಲ?" ಯೂನಿಕೋಡಿನ ಮನೆಗಳಲ್ಲಿ ಳ ಬರುವುದು ಲ ಆದಮೇಲೆ, ವ ಬರುವ ಮೊದಲು. ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಯ ರ ಲ ವ ಶ ಷ ಸ ಹ ಳ. ಳಕಾರವನ್ನು ಹಕಾರದ ಹಿಂದಕ್ಕೆ ಕಳಿಸುವ ಎರಡು ಸಾಲು ಬರೆದೆ. ಕನ್ನಡ ಮೇಷ್ಟ್ರಿಗೆ ಕೆಲಸ ಒಪ್ಪಿಸುವಾಗ ಇದೆಲ್ಲ ಇರುತ್ತದೆ.

ಬಾರ್‌ಕೋಡ್ ಸ್ಕ್ಯಾನರನ್ನು ನನ್ನ ಖುಷಿಗೆ ತಂದೆ. ಹಳೇ ಪುಸ್ತಕಗಳಿಗೆ ಐಎಸ್‌ಬಿಎನ್ ಇಲ್ಲ, ಹಾಗಾಗಿ ಪ್ರವೇಶ ಸಂಖ್ಯೆಯನ್ನೇ ಕೋಡ್ 39 ಅನ್ನುವ ಬಾರ್‌ಕೋಡ್ ಮಾದರಿಯಲ್ಲಿ ಸ್ಟಿಕರ್ ಹಾಳೆಯ ಮೇಲೆ ಅಚ್ಚು ಹಾಕಿ ಅಂಟಿಸಿದೆವು. ಮನೆಯಲ್ಲಿ ಪರೀಕ್ಷೆ ಮಾಡಿದಾಗ ಸರಿ ಇದ್ದದ್ದು ಅಲ್ಲಿ ಕೈಕೊಟ್ಟಿತು: ಟೀ ಅಂತ ಸದ್ದು ಮಾಡುತ್ತದೆ, 'ಪುಸ್ತಕ ಇಲ್ಲ' ಅನ್ನುತ್ತದೆ. ಪರದೆಗೆ ಮೂಗು ತಾಗಿಸಿ ನೋಡಿದರೆ ಪೆಟ್ಟಿಗೆಯಲ್ಲಿ 1024 ಇರಲಿಲ್ಲ, ೧೦೨೪ ಇತ್ತು. ಈ ಸ್ಕ್ಯಾನರುಗಳು ಕಂಪ್ಯೂಟರಿನ ಮಟ್ಟಿಗೆ ಕೀಲಿಮಣೆಯೇ, ಅಂಕಿಗಳನ್ನು 'ಒತ್ತಿ' ಕೊನೆಗೆ ಎಂಟರ್ ಹೊಡೆಯುತ್ತವೆ. ಮೇಷ್ಟ್ರು ಕೀಲಿಮಣೆಯನ್ನು ಕನ್ನಡಕ್ಕೆ ಇಟ್ಟಿದ್ದರು, ಸ್ಕ್ಯಾನರೂ ಕನ್ನಡದಲ್ಲೇ ಒತ್ತಿತು! ಪೈಥಾನಿನ ಪೂರ್ಣಾಂಕ ಫಂಕ್ಷನ್ನಿಗೆ ಕನ್ನಡ ಅಂಕಿಯೂ ಓದಲು ಬರುತ್ತದೆ, ಅದರ ಮೂಲಕ ಹಾಯಿಸಿದೆ, ಮುಗಿಯಿತು. ಈಗ ಎರಡೂ ನಡೆಯುತ್ತದೆ.

ಏಳನೇ ಭಾನುವಾರ ಐದನೇ ಕ್ಲಾಸಿನ ಒಬ್ಬಳು ಹುಡುಗಿ ಬಂದು 'ಹಾವು' ಅಂತ ಹೊಡೆದಳು. ಏನೂ ಬರಲಿಲ್ಲ. ಹಾವಿನ ಪುಸ್ತಕ ಆರಡಿ ದೂರದ ಕಪಾಟಿನಲ್ಲಿ ಕಣ್ಣಿಗೆ ಕಾಣುತ್ತಿತ್ತು. ಅದರ ಶೀರ್ಷಿಕೆಯಲ್ಲಿ ಇದ್ದದ್ದು 'ಹಾವಿನ'. ಕನ್ನಡದ ಪದ ವಿಭಕ್ತಿ ಹಚ್ಚಿಕೊಂಡ ಕೂಡಲೇ ಬಾಲ ಬದಲಾಯಿಸುತ್ತದೆ, ಇಷ್ಟು ಹೊತ್ತು ಅದು ನನಗೆ ಹೊಳೆದೇ ಇರಲಿಲ್ಲ. ಅಲ್ಲೇ ಕೂತು ತಿದ್ದಿದೆ: ಹುಡುಕುವ ಪದದ ಕೊನೆಯ ಸ್ವರಚಿಹ್ನೆ ಕಿತ್ತು, 'ಹಾವ' ಅಂತ ಶುರುವಾಗುವುದೆಲ್ಲ ಬರಲಿ, ಅಚ್ಚುಕಟ್ಟಾಗಿ ಹೊಂದುವುದು ಮೇಲೆ ಇರಲಿ. ಇದರಿಂದ 'ಮರ' ಕೇಳಿದರೆ ಮರಣವೂ ಬರುತ್ತದೆ ಅನ್ನುವುದು ಗೊತ್ತು. ಹೆಬ್ಬಾವು ಹಿಡಿಯುವಷ್ಟು ವ್ಯಾಕರಣ ನನ್ನ ಸ್ಕ್ರಿಪ್ಟಿಗೆ ಇನ್ನೂ ಬಂದಿಲ್ಲ.

ಹುಡುಗಿ ಮತ್ತೆ ಹೊಡೆದಳು. ಮೂರು ಪುಸ್ತಕ ಬಂದವು. ಎರಡು ಹಾವಿನವು, ಮೂರನೆಯದು ಭರತನಾಟ್ಯದ ಹಾವಭಾವದ ಬಗ್ಗೆ. ನಾನು ಅದನ್ನು ತೆಗೆಯಲು ಕೀಲಿಮಣೆಯತ್ತ ಕೈ ಚಾಚಿದೆ.

"ಇರಲಿ ಬಿಡೋ" ಅಂದರು ಮೇಷ್ಟ್ರು. "ಆ ಪುಸ್ತಕವನ್ನು ಹನ್ನೊಂದು ವರ್ಷದಿಂದ ಯಾರೂ ತಗೊಂಡು ಹೋಗಿಲ್ಲ."